ನೂರು ವರ್ಷದ ಪಿಸ್ತೂಲು, ಒಂದೂವರೆ ಹಾಳೆಯ ಗುರಿ

ಅಮೆರಿಕದ ಶೂಟಿಂಗ್ ಕ್ಲಬ್ಬುಗಳಲ್ಲಿ ‘ಬುಲ್ಸ್‌ಐ’ ಎಂಬ ಪಿಸ್ತೂಲು ಸ್ಪರ್ಧೆ ನಡೆಯುತ್ತದೆ. ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿದು, ತೋಳನ್ನು ಪೂರ್ತಿ ಚಾಚಿ, 50 ಗಜ, ಅಂದರೆ ಸುಮಾರು 46 ಮೀಟರ್ ಆಚೆಗಿರುವ ಗುರಿಹಲಗೆಗೆ ಹೊಡೆಯಬೇಕು. ಹತ್ತು ಅಂಕದ ವೃತ್ತದ ವ್ಯಾಸ 85 ಮಿಲಿಮೀಟರ್. ಹತ್ತು ಗುಂಡಿಗೆ ಹತ್ತು ನಿಮಿಷ. ಆಮೇಲೆ 25 ಗಜಕ್ಕೆ ಬಂದು ಐದು ಗುಂಡುಗಳನ್ನು 20 ಸೆಕೆಂಡಿನೊಳಗೆ, ಕೊನೆಗೆ ಐದನ್ನು ಹತ್ತೇ ಸೆಕೆಂಡಿನೊಳಗೆ ಹೊಡೆಯಬೇಕು. ಪೂರ್ಣ ಸ್ಪರ್ಧೆಯಲ್ಲಿ ಪಾಯಿಂಟ್ 22, ಸೆಂಟರ್‌ಫೈರ್, ಪಾಯಿಂಟ್ 45 ಎಂದು ಮೂರು ವರ್ಗ; ಅಂಕಿಗಳು ಗುಂಡಿನ ದಪ್ಪ, ಅಂಗುಲದಲ್ಲಿ. ಸೆಂಟರ್‌ಫೈರ್ ಎಂದರೆ ತಳದ ನಡುವೆ ಹೊಡೆತ ಬಿದ್ದು ಸಿಡಿಯುವ ತೋಟಾ. ಒಂದೊಂದಕ್ಕೂ 90 ಗುಂಡು, ಒಟ್ಟು 2700 ಅಂಕ. ಒಹಾಯೊ ರಾಜ್ಯದ ಕ್ಯಾಂಪ್ ಪೆರಿಯಲ್ಲಿ 1907ರಿಂದ ರಾಷ್ಟ್ರೀಯ ಪಂದ್ಯಗಳು ನಡೆಯುತ್ತ ಬಂದಿವೆ.

ಈ ಆಟಕ್ಕೆ ಇಳಿದವರು ಇವತ್ತಲ್ಲ ನಾಳೆ ಒಂದು ಹಳೆಯ ವಿನ್ಯಾಸದ ಮುಂದೆ ನಿಂತು ಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಾರೆ. ಅದೇ ‘1911’. ಹುಟ್ಟಿದ ವರ್ಷವೇ ಅದರ ಹೆಸರು. ಸೇನೆಯ ಸೊಂಟದಲ್ಲಿ ಎರಡು ಮಹಾಯುದ್ಧಗಳನ್ನು ಕಂಡ ಪಿಸ್ತೂಲು, ಸಿನಿಮಾಗಳಲ್ಲಿ ಎಲ್ಲರೂ ನೋಡಿರುವ ಆಕಾರ. ಕೊಳ್ಳುವವರ ಮನಸ್ಸನ್ನು ಮೊದಲು ಎಳೆಯುವುದು ಈ ಚರಿತ್ರೆಯೇ. ಆದರೆ ಗುರಿಹಲಗೆಗೆ ಚರಿತ್ರೆ ಗೊತ್ತಿಲ್ಲ. ಟ್ರಿಗರ್ ಸಡಿಲುವ ಗಳಿಗೆಗೂ ಗುಂಡು ನಳಿಗೆ ಬಿಡುವ ಗಳಿಗೆಗೂ ನಡುವಿನ ಕೆಲವೇ ಮಿಲಿಸೆಕೆಂಡುಗಳಲ್ಲಿ ಏನಾಗುತ್ತದೆ ಎಂಬುದಷ್ಟೇ ಅದಕ್ಕೆ ಲೆಕ್ಕ. ಆದ್ದರಿಂದ ಕೊಳ್ಳುವ ಪ್ರಶ್ನೆಯನ್ನು ಅಲ್ಲಿಂದಲೇ ನೋಡೋಣ.

ಮೊದಲು ಹುಟ್ಟಿನ ಸಂಗತಿ, ಚುಟುಕಾಗಿ. ಜಾನ್ ಮೋಸಸ್ ಬ್ರೌನಿಂಗ್ 1855ರಲ್ಲಿ ಯೂಟಾದ ಆಗ್ಡೆನ್‌ನಲ್ಲಿ ಹುಟ್ಟಿದವನು. ಅಪ್ಪನೂ ಬಂದೂಕು ಕಟ್ಟುವವನೇ. ಫಿಲಿಪೀನ್ಸ್‌ನ ಕಾಳಗಗಳಲ್ಲಿ ತನ್ನ ಪಾಯಿಂಟ್ 38 ರಿವಾಲ್ವರುಗಳು ಸಾಲದೆ ಬಂದಾಗ ಅಮೆರಿಕದ ಸೇನೆ ದಪ್ಪ ಗುಂಡಿನ ಹೊಸ ಪಿಸ್ತೂಲು ಹುಡುಕತೊಡಗಿತು. ಬ್ರೌನಿಂಗ್ ವಿನ್ಯಾಸ ಮಾಡಿದ, ಕೋಲ್ಟ್ ಕಂಪನಿ ತಯಾರಿಸಿದ ಪಾಯಿಂಟ್ 45ರ ಪಿಸ್ತೂಲು ಅಂತಿಮ ಪರೀಕ್ಷೆಯಲ್ಲಿ 6,000 ಗುಂಡುಗಳನ್ನು ಒಮ್ಮೆಯೂ ತೊಡಕಿಲ್ಲದೆ ಹಾರಿಸಿತು. 1911ರ ಮಾರ್ಚ್ 29ರಂದು ಸೇನೆ ಅದನ್ನು ಒಪ್ಪಿಕೊಂಡಿತು, 1985ರವರೆಗೂ ಉಳಿಸಿಕೊಂಡಿತು. ಈಗ ಇದೇ ವಿನ್ಯಾಸವನ್ನು ಹತ್ತಾರು ಕಂಪನಿಗಳು ತಯಾರಿಸುತ್ತವೆ. ಗೋದಾಮಿನಲ್ಲಿದ್ದ ಸೇನೆಯ ಹಳೆಯ ಪಿಸ್ತೂಲುಗಳನ್ನೂ 2018ರಿಂದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಸಂಸ್ಥೆ ಸಾರ್ವಜನಿಕರಿಗೆ ಮಾರುತ್ತಿದೆ. ಮೊದಲ ಸಲವೇ ಬೇಡಿಕೆ ಎಷ್ಟಿತ್ತೆಂದರೆ ಸರದಿಯನ್ನು ಲಾಟರಿಯ ಹಾಗೆ ಗೊತ್ತುಮಾಡಬೇಕಾಯಿತು.

ಈಗ ಪಿಸ್ತೂಲಿನ ಒಳಗೆ ಇಣುಕೋಣ.

ಹ್ಯಾಮರ್ ಹಿಂದಕ್ಕೆ ಎಳೆದು ನಿಂತಿದೆ. ಅದನ್ನು ತಡೆದು ಹಿಡಿದಿರುವುದು ‘ಸಿಯರ್’ ಎಂಬ ಚಿಕ್ಕ ಉಕ್ಕಿನ ತುಂಡಿನ ಅಂಚು. ಹ್ಯಾಮರಿನ ಕೊಕ್ಕೆಯಲ್ಲಿ ಆ ಅಂಚು ಕೂತಿರುವ ಆಳ ಸುಮಾರು ಅರ್ಧ ಮಿಲಿಮೀಟರ್. ಬೇರೆ ಪಿಸ್ತೂಲುಗಳಲ್ಲಿ ಟ್ರಿಗರ್ ಸಾಮಾನ್ಯವಾಗಿ ಒಂದು ಗೂಟದ ಸುತ್ತ ಬಾಗಿಲಿನ ಹಾಗೆ ತಿರುಗುತ್ತದೆ. 1911ರಲ್ಲಿ ಹಾಗಲ್ಲ, ಅದು ನೇರ ಹಿಂದಕ್ಕೆ ಜಾರುತ್ತದೆ. ಹ್ಯಾಮರನ್ನು ಎತ್ತುವ ಕೆಲಸವೂ ಅದಕ್ಕಿಲ್ಲ. ಎತ್ತಿ ನಿಲ್ಲಿಸಿದ ಹ್ಯಾಮರನ್ನು ಬಿಡುಗಡೆ ಮಾಡಿದರೆ ಅದರ ಕೆಲಸ ಮುಗಿಯಿತು. ಹೀಗಾಗಿ ಎಳೆತ ಚಿಕ್ಕದು, ಮೊದಲ ಗುಂಡಿನಿಂದ ಕೊನೆಯ ಗುಂಡಿನವರೆಗೂ ಒಂದೇ ಸಮ. ಎಲ್ಲಿ ಸಡಿಲುತ್ತದೆ ಎಂಬುದು ಬೆರಳಿಗೆ ಸ್ಪಷ್ಟ. 1985ರಲ್ಲಿ ಇದರ ಜಾಗಕ್ಕೆ ಬಂದ ಬೆರೆಟಾ ಪಿಸ್ತೂಲಿನಲ್ಲಿ ಮೊದಲ ಗುಂಡಿಗೆ ಉದ್ದನೆಯ, ಭಾರದ ಎಳೆತ, ಎರಡನೆಯದರಿಂದ ಹಗುರ ಎಳೆತ. ಬೆರಳು ಎರಡು ಪಾಠ ಕಲಿಯಬೇಕು.

ಇದು ಯಾಕೆ ಅಷ್ಟು ಮುಖ್ಯ ಎಂದರೆ, ಖಾಲಿ ಪಿಸ್ತೂಲಿನ ತೂಕ ಸುಮಾರು 1.1 ಕಿಲೋ, ಸಾಧಾರಣ 1911ರ ಟ್ರಿಗರ್ ಕೇಳುವ ಬಲ ಸುಮಾರು ಎರಡು ಕಿಲೋ. ಅಂದರೆ ಕೈಯಲ್ಲಿ ಹಿಡಿದ ವಸ್ತುವನ್ನು ಅದರ ತೂಕಕ್ಕಿಂತ ಹೆಚ್ಚು ಬಲದಿಂದ ಒಂದು ಬೆರಳಲ್ಲಿ ಎಳೆಯಬೇಕು, ಆದರೆ ಆ ವಸ್ತು ಕದಲಬಾರದು. ಪಿಸ್ತೂಲು ಶೂಟಿಂಗಿನ ಕಷ್ಟವೆಲ್ಲ ಇದರಲ್ಲೇ ಇದೆ. ನೇರ ಜಾರುವ, ಚಿಕ್ಕ ಎಳೆತದ ಟ್ರಿಗರ್ ಈ ಕಷ್ಟವನ್ನು ಕಡಿಮೆ ಮಾಡುತ್ತದೆ. 1911ರ ಬಗ್ಗೆ ಹೇಳುವ ಹೊಗಳಿಕೆಗಳಲ್ಲಿ ನಾನು ಪೂರ್ತಿ ಒಪ್ಪುವುದು ಇದೊಂದನ್ನು.

‘ಕದಲಬಾರದು’ ಎಂದರೆ ಎಷ್ಟು? ಲೆಕ್ಕ ಹಾಕಿ ನೋಡಿ. 1911ರ ಮೇಲೆ ಗುರಿ ಹಿಡಿಯಲು ಮುಂದಿರುವ ಫ್ರಂಟ್ ಸೈಟಿಗೂ ಹಿಂದಿರುವ ರಿಯರ್ ಸೈಟಿಗೂ ನಡುವೆ ಸುಮಾರು 165 ಮಿಲಿಮೀಟರ್ ಅಂತರ. ಗುರಿಹಲಗೆ ಇರುವುದು 45.7 ಮೀಟರ್ ಆಚೆ. ಎರಡಕ್ಕೂ 277 ಪಟ್ಟು ವ್ಯತ್ಯಾಸ. ರಿಯರ್ ಸೈಟಿನ ಕಚ್ಚಿನ ನಡುವೆ ಫ್ರಂಟ್ ಸೈಟ್ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡು 277 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಹತ್ತರ ವೃತ್ತದ ನಡುವಿನಿಂದ ಅಂಚಿಗೆ 43 ಮಿಲಿಮೀಟರ್. ಹಾಗಾದರೆ ಹತ್ತು ಕೈತಪ್ಪಲು ಫ್ರಂಟ್ ಸೈಟ್ 0.15 ಮಿಲಿಮೀಟರ್ ಸರಿದರೆ ಸಾಕು. ಮಾಮೂಲಿ ಬರೆಯುವ ಕಾಗದದ ಒಂದೂವರೆ ಹಾಳೆಯ ದಪ್ಪ ಅಷ್ಟೆ.

ಇನ್ನೊಂದು ಬಗೆಯ ಅಲುಗಾಟವೂ ಇದೆ. ಚಾಚಿದ ತೋಳು ಯಾವತ್ತೂ ಸ್ಥಿರವಾಗಿರುವುದಿಲ್ಲ. ಸ್ನಾಯುಗಳು ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲ ಸಣ್ಣಗೆ ಕಂಪಿಸುತ್ತವೆ, ಜೊತೆಗೆ ಉಸಿರು, ಎದೆಬಡಿತ. ಆದರೆ ಎರಡೂ ಸೈಟುಗಳು ಒಂದೇ ಸಾಲಿನಲ್ಲಿದ್ದು ಇಡೀ ಪಿಸ್ತೂಲು ಒಂದು ಸೆಂಟಿಮೀಟರ್ ಪಕ್ಕಕ್ಕೆ ಹೋದರೆ ಗುಂಡೂ ಒಂದೇ ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಹತ್ತು ಹತ್ತಾಗಿಯೇ ಉಳಿಯುತ್ತದೆ. ಕೈ ಆಡಿದರೆ ತಡೆದುಕೊಳ್ಳಬಹುದು, ಮಣಿಕಟ್ಟು ಓರೆಯಾದರೆ ಆಗದು. ಹೊಸಬರು ಕೈ ನಡುಗುತ್ತಿದೆ ಎಂದು ಗಾಬರಿಯಾಗಿ, ಗುರಿ ಸರಿಯಾಗಿ ಕೂತ ಗಳಿಗೆಯಲ್ಲಿ ಟ್ರಿಗರನ್ನು ತಟ್ಟನೆ ಎಳೆದುಬಿಡುತ್ತಾರೆ. ಆಗ ಮಣಿಕಟ್ಟು ಓರೆಯಾಗುತ್ತದೆ.

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿದವರು ‘ಪಿಸ್ತೂಲೆಂದರೆ ಚಿಕ್ಕ ಕೋವಿ ತಾನೆ’ ಎಂದುಕೊಳ್ಳಬಹುದು. ಕೋವಿಗೆ ಎರಡು ಕೈ, ಒಂದು ಭುಜ, ಒಂದು ಕೆನ್ನೆ ಆಸರೆ. ಎರಡು ಸೈಟುಗಳ ನಡುವೆ 60 ಸೆಂಟಿಮೀಟರ್ ಅಂತರವಿರುವ ರೈಫಲಿನಲ್ಲಿ ಅದೇ 0.15 ಮಿಲಿಮೀಟರ್ ತಪ್ಪಾದರೆ ಗುಂಡು 12 ಮಿಲಿಮೀಟರಿನಷ್ಟೇ ಆಚೀಚೆ ಆದೀತು. ಕೋವಿಯಲ್ಲಿ ಪಳಗಿದ ಕೈಯೂ ಪಿಸ್ತೂಲನ್ನು ಹೊಸದಾಗಿಯೇ ಕಲಿಯಬೇಕು.

ಈ ಲೆಕ್ಕದಿಂದ ಕೊಳ್ಳುವವರಿಗೆ ಸಿಗುವ ಮೊದಲ ಉತ್ತರ ಸೈಟುಗಳ ಬಗ್ಗೆ. ಅಂಗಡಿಯ ಗಾಜಿನ ಕೆಳಗೆ ಎರಡು ಬಗೆಯ 1911 ಇರುತ್ತವೆ. ಒಂದು, ಸೇನೆಯದರ ಪಡಿಯಚ್ಚು. ಇನ್ನೊಂದು, ಗುರಿಸ್ಪರ್ಧೆಗೆಂದು ಮಾಡಿದ್ದು. ಕೋಲ್ಟ್ ಕಂಪನಿ 1957ರಲ್ಲಿ ತಂದ ‘ಗೋಲ್ಡ್ ಕಪ್’ ಈ ಎರಡನೆಯ ಜಾತಿಗೆ ಸೇರಿದ್ದು. ಪಡಿಯಚ್ಚಿನ ಮೇಲೆ ಮನಸ್ಸು ಹೋಗುವುದು ಸಹಜ. ಆದರೆ ಅದರ ಫ್ರಂಟ್ ಸೈಟ್ ಮೋಟು, ಸಣ್ಣ. ಚರ್ಮದ ಚೀಲದಿಂದ ತಡೆಯಿಲ್ಲದೆ ಹೊರಬರಲಿ ಎಂದು ಹಾಗೆ ಮಾಡಿದ್ದು. ಕಪ್ಪು ವೃತ್ತದ ಮುಂದೆ ಅದನ್ನು ಸ್ಪಷ್ಟವಾಗಿ ನೋಡುವುದೇ ಒಂದು ಸಾಹಸ. ಕಣ್ಣಿನ ಮಸೂರ ಏಕಕಾಲಕ್ಕೆ 75 ಸೆಂಟಿಮೀಟರ್ ದೂರದ ಸೈಟನ್ನೂ 46 ಮೀಟರ್ ದೂರದ ಹಲಗೆಯನ್ನೂ ನಿಚ್ಚಳವಾಗಿ ತೋರಿಸಲಾರದು. ಶೂಟರ್ ಆರಿಸಿಕೊಳ್ಳಬೇಕಾದ್ದು ಸೈಟನ್ನು. ಹಲಗೆ ಮಸುಕಾಗಿಯೇ ಇರಲಿ. ನಲವತ್ತೈದು ದಾಟಿದವರಿಗೆ ಮಸೂರ ಗಡುಸಾಗಿ ಸೈಟೂ ಮಸುಕಾಗುತ್ತದೆ. ಅವರು ದೂರ ನೋಡುವ ಕನ್ನಡಕದ ಪವರಿಗೆ ಅರ್ಧದಿಂದ ಮುಕ್ಕಾಲು ಡಯಾಪ್ಟರ್ ಸೇರಿಸಿಕೊಂಡರೆ ಎಷ್ಟೋ ವಾಸಿ. ಬುಲ್ಸ್‌ಐ ಸ್ಪರ್ಧೆಯಲ್ಲಿ ಕೆಂಪು ಚುಕ್ಕೆ ತೋರಿಸುವ ‘ರೆಡ್ ಡಾಟ್’ ಸೈಟಿಗೂ ಅವಕಾಶವಿದೆ. ಗುರಿಗಾಗಿ ಕೊಳ್ಳುವುದೇ ಆದರೆ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಪಿನಿಂದ ಸರಿಪಡಿಸಬಹುದಾದ, ಎತ್ತರದ, ಚೌಕ ಅಂಚಿನ ಸೈಟುಗಳಿರುವುದನ್ನೇ ಕೊಳ್ಳಬೇಕು. ಈ ವಿಷಯದಲ್ಲಿ ಚರಿತ್ರೆಯ ಮೇಲಿನ ಪ್ರೀತಿಗೆ ಸೋಲಬಾರದು.

ಇನ್ನು ಒದೆತ. ಹ್ಯಾಮರ್ ಬಿದ್ದು ತೋಟಾ ಸಿಡಿದಾಗ ಸುಮಾರು 15 ಗ್ರಾಂ ತೂಕದ ಗುಂಡು ಸೆಕೆಂಡಿಗೆ 255 ಮೀಟರ್ ವೇಗದಲ್ಲಿ ಹೊರಡುತ್ತದೆ. ಇದು ಸದ್ದಿನ ವೇಗಕ್ಕಿಂತ ಕಡಿಮೆ. ಗುಂಡು ಮುಂದಕ್ಕೆ ಹೋಗುವಾಗ ನಳಿಗೆ ಮತ್ತು ಅದರ ಮೇಲೆ ಮುಚ್ಚಿರುವ ‘ಸ್ಲೈಡ್’ ಎಂಬ ಜಾರುವ ಹೊದಿಕೆ ಒಂದಕ್ಕೊಂದು ಬಿಗಿದುಕೊಂಡೇ ಹಿಂದಕ್ಕೆ ಸರಿಯುತ್ತವೆ. ಎರಡು ಮೂರು ಮಿಲಿಮೀಟರ್ ಸರಿಯುವಷ್ಟರಲ್ಲಿ ಗುಂಡು ಆಗಲೇ ಹೊರಗೆ. ಇದೆಲ್ಲ ಒಂದು ಮಿಲಿಸೆಕೆಂಡಿನೊಳಗಿನ ಮಾತು. ಆಮೇಲೆ ನಳಿಗೆಯ ಅಡಿಯಲ್ಲಿರುವ ಚಿಕ್ಕ ಕೊಂಡಿ ನಳಿಗೆಯ ಹಿಂತುದಿಯನ್ನು ಕೆಳಕ್ಕೆ ಎಳೆದು ಸ್ಲೈಡಿನಿಂದ ಬಿಡಿಸುತ್ತದೆ. ಸ್ಲೈಡ್ ಒಂದೇ ಹಿಂದಕ್ಕೆ ಓಡಿ, ಖಾಲಿ ತೋಟಾವನ್ನು ಎಸೆದು, ಹ್ಯಾಮರನ್ನು ಮತ್ತೆ ಎತ್ತಿ ನಿಲ್ಲಿಸಿ, ಮುಂದೆ ಬರುತ್ತ ಹೊಸ ತೋಟಾವನ್ನು ತಳ್ಳುತ್ತದೆ. ಒತ್ತಡ ಇಳಿಯುವವರೆಗೂ ಬೀಗ ಹಾಕಿಕೊಂಡಿದ್ದು ಆಮೇಲೆ ತೆರೆಯುವ ಈ ಉಪಾಯ ಎಷ್ಟು ಚೆನ್ನಾಗಿದೆ ಎಂದರೆ ಇವತ್ತಿನ ಬಹುಪಾಲು ದೊಡ್ಡ ಪಿಸ್ತೂಲುಗಳು ಬ್ರೌನಿಂಗನ ಈ ತತ್ವವನ್ನೇ ಸ್ವಲ್ಪ ಬದಲಿಸಿ ಬಳಸುತ್ತವೆ.

ಕೈಗೆ ಎಷ್ಟು ಒದೆತ ಸಿಗುತ್ತದೆ? ಮದ್ದಿನ ಅನಿಲವನ್ನು ಬಿಟ್ಟು ಗುಂಡಿನ ಲೆಕ್ಕ ಮಾತ್ರ ಹಿಡಿದರೂ ಪಿಸ್ತೂಲು ಸೆಕೆಂಡಿಗೆ ಮೂರೂವರೆ ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ, ಆರೂವರೆ ಜೂಲ್‌ಗಿಂತ ಹೆಚ್ಚು ಶಕ್ತಿ. ಅಷ್ಟೇ ತೂಕದ ಪಿಸ್ತೂಲಿನಲ್ಲಿ ಪಾಯಿಂಟ್ 22 ತೋಟಾ ಹಾಕಿದರೆ ಗುಂಡಿನ ತೂಕ 2.6 ಗ್ರಾಂ, ವೇಗ ಸುಮಾರು 320 ಮೀಟರ್. ಒದೆತದ ಶಕ್ತಿ 0.3 ಜೂಲ್ ಆಸುಪಾಸು. ಇಪ್ಪತ್ತು ಪಟ್ಟಿಗೂ ಹೆಚ್ಚು ವ್ಯತ್ಯಾಸ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಕೈಗೆ ಒದೆತ ತಿಳಿಯುವ ಹೊತ್ತಿಗೆ ಗುಂಡು ಹೊರಟೇ ಹೋಗಿದೆ. ಮನುಷ್ಯ ಯಾವುದಕ್ಕೇ ಪ್ರತಿಕ್ರಿಯಿಸಲು ಹೆಚ್ಚುಕಡಿಮೆ 200 ಮಿಲಿಸೆಕೆಂಡ್ ಬೇಕು. ಹಾಗಿದ್ದ ಮೇಲೆ ಒದೆತದಿಂದ ಗುರಿ ಹೇಗೆ ಕೆಡುತ್ತದೆ?

ಮಿದುಳು ಪ್ರತಿಕ್ರಿಯೆಗಾಗಿ ಕಾಯುವುದಿಲ್ಲ, ಮುಂಚಿತವಾಗಿಯೇ ಸಿದ್ಧವಾಗುತ್ತದೆ. ಬರಲಿರುವ ಹೊಡೆತಕ್ಕೆ ಮೈಯನ್ನು ಮೊದಲೇ ಬಿಗಿ ಮಾಡಿಕೊಳ್ಳುವುದು ನಮ್ಮ ನರಮಂಡಲದ ಹಳೆಯ ವಿದ್ಯೆ. ಅದಿಲ್ಲದಿದ್ದರೆ ಎತ್ತರದಿಂದ ಜಿಗಿದಾಗ ಮೊಣಕಾಲು ಮುರಿದುಕೊಳ್ಳುತ್ತಿದ್ದೆವು. ಟ್ರಿಗರ್ ಸಡಿಲಿದ ಕೂಡಲೇ ದೊಡ್ಡ ಸದ್ದು, ಅಂಗೈಗೆ ಏಟು. ಹತ್ತಿಪ್ಪತ್ತು ಗುಂಡುಗಳಲ್ಲೇ ಮಿದುಳು ಈ ಸರಣಿಯನ್ನು ಕಲಿತುಬಿಡುತ್ತದೆ. ಆಮೇಲೆ ಟ್ರಿಗರ್ ಸಡಿಲುವ ಗಳಿಗೆ ಹತ್ತಿರವಾದಂತೆ ಮಣಿಕಟ್ಟು ತಾನಾಗಿಯೇ ಪಿಸ್ತೂಲನ್ನು ಕೆಳಕ್ಕೆ ಒತ್ತುತ್ತದೆ, ಕಣ್ಣು ಮುಚ್ಚುತ್ತದೆ. ಶೂಟರುಗಳು ಇದಕ್ಕೆ ‘ಫ್ಲಿಂಚ್’ ಎನ್ನುತ್ತಾರೆ. ವಿಜ್ಞಾನಿ ಪಾವ್ಲೋವನ ನಾಯಿ ಗಂಟೆಯ ಸದ್ದಿಗೆ ಜೊಲ್ಲು ಸುರಿಸಲು ಕಲಿತದ್ದೂ ಇದೇ ಬಗೆಯಲ್ಲಿ. ಇದು ಹೇಡಿತನವಲ್ಲ, ಇಚ್ಛಾಶಕ್ತಿಯ ಕೊರತೆಯೂ ಅಲ್ಲ. ಹಾಗಾಗಿ ‘ಧೈರ್ಯ ಮಾಡು’ ಎಂದು ಹೇಳಿದರೆ ಹೋಗುವುದೂ ಇಲ್ಲ. ಏಟಿಲ್ಲದ ಟ್ರಿಗರ್ ಎಳೆತವನ್ನು ಸಾವಿರಾರು ಸಲ ಮಾಡಿಯೇ ಅದನ್ನು ಅಳಿಸಬೇಕು.

ನನ್ನ ಅಭಿಪ್ರಾಯ ನಿಂತಿರುವುದು ಇದರ ಮೇಲೆ. ಗುರಿ ಕಲಿಯಲು ಹೊರಟವರು ಮೊದಲ ಪಿಸ್ತೂಲಾಗಿ ಪಾಯಿಂಟ್ 45ರ 1911 ಕೊಳ್ಳಬಾರದು. ಪಾಯಿಂಟ್ 22 ಕೊಳ್ಳಬೇಕು. ಅದರ ತೋಟಾ ಹಲವು ಪಟ್ಟು ಅಗ್ಗ, ಒಂದೇ ಖರ್ಚಿನಲ್ಲಿ ಹಲವು ಪಟ್ಟು ಅಭ್ಯಾಸ. 1949ರಲ್ಲಿ ರೂಗರ್ ಕಂಪನಿ ತನ್ನ ಮೊಟ್ಟಮೊದಲ ಸರಕಾಗಿ ತಂದ ಪಾಯಿಂಟ್ 22 ಪಿಸ್ತೂಲಿನ ಸಂತತಿ ಇನ್ನೂ ಬರುತ್ತಿದೆ. ಅದರಲ್ಲಿ ನಳಿಗೆ ಕದಲುವುದೇ ಇಲ್ಲ, ಸೈಟುಗಳೊಂದಿಗೆ ಒಂದೇ ಮೈಯಾಗಿ ಕೂತಿರುತ್ತದೆ. 1911ರಲ್ಲಿ ನಳಿಗೆ ಪ್ರತಿ ಗುಂಡಿಗೂ ಇಳಿದು ಏರಿ ಮತ್ತೆ ಅದೇ ಜಾಗಕ್ಕೆ ಬಂದು ಕೂರಬೇಕು. ಎಷ್ಟು ಕರಾರುವಾಕ್ಕಾಗಿ ಕೂರುತ್ತದೋ ಅಷ್ಟೇ ಅದರ ಗುರಿ.

1911ರ ಹಿಡಿತವೇ ಬೇಕೆನ್ನುವವರಿಗೆ ಅದೇ ಮೈಯ ಮೇಲೆ ಕೂರಿಸುವ ಪಾಯಿಂಟ್ 22 ಸ್ಲೈಡು, ನಳಿಗೆಗಳ ಕಿಟ್ ಸಿಗುತ್ತದೆ. ಈ ಯೋಚನೆ ಹಳೆಯದು, ಅದರ ಕಥೆಯೂ ಸ್ವಾರಸ್ಯದ್ದು. 1930ರ ದಶಕದಲ್ಲಿ ಕೋಲ್ಟ್ ಕಂಪನಿ ಅಗ್ಗದ ತೋಟಾದಲ್ಲಿ ಅಭ್ಯಾಸ ಮಾಡಲೆಂದು ‘ಸರ್ವಿಸ್ ಏಸ್’ ತಂದಿತು. ಪಾಯಿಂಟ್ 22ರ ಅಲ್ಪ ಬಲಕ್ಕೆ 1911ರ ಭಾರದ ಸ್ಲೈಡನ್ನು ಜೋರಾಗಿ ತಳ್ಳುವ ತಾಕತ್ತಿಲ್ಲ. ಇದಕ್ಕೆ ದಾರಿ ಹುಡುಕಿದವನು ಡೇವಿಡ್ ಮಾರ್ಷಲ್ ವಿಲಿಯಮ್ಸ್, ಉತ್ತರ ಕ್ಯಾರೊಲೈನಾದ ಸೆರೆಮನೆಯಲ್ಲಿ ಕೈದಿಯಾಗಿದ್ದಾಗಲೇ ಬಂದೂಕಿನ ಯಂತ್ರಗಳನ್ನು ರೂಪಿಸುತ್ತಿದ್ದವನು. ತೋಟಾ ಕೂರುವ ಕೋಣೆಯನ್ನು ನಳಿಗೆಯಿಂದ ಬೇರೆ ಮಾಡಿ, ಅದೇ ಹಿಂದೆ ಮುಂದೆ ಜಾರುವಂತೆ ಮಾಡಿದ. ಅನಿಲ ಈಗ ಪುಟ್ಟ ತೋಟಾದ ತಳವನ್ನಷ್ಟೇ ಅಲ್ಲ, ಆ ಕೋಣೆಯ ಅಗಲ ಮುಖವನ್ನೂ ಒತ್ತುತ್ತದೆ. ಒತ್ತಡ ಅದೇ, ಕ್ಷೇತ್ರಫಲ ಹೆಚ್ಚು, ಆದ್ದರಿಂದ ಬಲವೂ ಹೆಚ್ಚು. ಸೇನೆಗೆ ಬೇಕಾಗಿದ್ದದ್ದು ಪಾಯಿಂಟ್ 45ರಂತೆ ಒದೆಯುವ ಪಾಯಿಂಟ್ 22. ಗುರಿ ಕಲಿಯುವವರಿಗೆ ಬೇಕಾದ್ದು ಅದರ ತದ್ವಿರುದ್ಧ, ಹಾಗಾಗಿ ಇವತ್ತಿನ ಸಾದಾ ಕಿಟ್ಟುಗಳೇ ಅವರಿಗೆ ಒಳ್ಳೆಯದು.

ಪಾಯಿಂಟ್ 22ರಲ್ಲಿ ಕೈ ಕೂತ ಮೇಲೆ 1911 ಕೊಳ್ಳುವುದಾದರೆ ಖುಷಿಯಿಂದ ಕೊಳ್ಳಲಿ. ಬುಲ್ಸ್‌ಐನಲ್ಲಿ ಸೆಂಟರ್‌ಫೈರ್ ಮತ್ತು ಪಾಯಿಂಟ್ 45 ವರ್ಗಗಳೆರಡಕ್ಕೂ ಒಂದೇ 1911 ಸಾಕಾಗುತ್ತದೆ, ಬಹಳ ಮಂದಿ ಹಾಗೇ ಮಾಡುತ್ತಾರೆ. ಸೇನೆಯ ಪೂರ್ಣ ಬಲದ ತೋಟಾದ ಬದಲು 12 ಗ್ರಾಂ ಗುಂಡಿನ, ಸೆಕೆಂಡಿಗೆ 235 ಮೀಟರ್ ವೇಗದ ಗುರಿತೋಟಾ ಬಳಸಿದರೆ ಒದೆತದ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅಂಗಡಿಯಲ್ಲಿ ಪಿಸ್ತೂಲು ಖಾಲಿಯಿದೆ ಎಂದು ಎರಡೆರಡು ಸಲ ಖಚಿತ ಮಾಡಿಕೊಂಡು, ಸ್ಲೈಡ್ ಮುಚ್ಚಿ, ಮೇಲ್ಗಡೆ ಕಾಣುವ ನಳಿಗೆಯ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಅದು ಸ್ಪ್ರಿಂಗಿನ ಹಾಗೆ ತಗ್ಗಿ ಏಳುತ್ತಿದ್ದರೆ ನಳಿಗೆ ಒಂದೇ ಜಾಗದಲ್ಲಿ ಕೂರುತ್ತಿಲ್ಲ. ಸೇನೆಯ ಹಳೆಯ ಪಿಸ್ತೂಲುಗಳಲ್ಲಿ ಇಂಥ ಸಡಿಲ ಸಾಮಾನ್ಯ. ಕೆಸರು ಮರಳಿನಲ್ಲೂ ಕೆಲಸ ಮಾಡಲೆಂದು ಬಿಡಿಭಾಗಗಳ ನಡುವೆ ಅವಕಾಶ ಬಿಟ್ಟಿದ್ದರು. ಗುರಿಪಿಸ್ತೂಲಿನಲ್ಲಿ ಕುಶಲಕರ್ಮಿ ತುಸು ದೊಡ್ಡದಾಗಿ ಮಾಡಿದ ಭಾಗಗಳನ್ನು ಅರದಿಂದ ಉಜ್ಜಿ ಉಜ್ಜಿ ಕೂರಿಸಿ ಆ ಅವಕಾಶವನ್ನು ಕಿರಿದಾಗಿಸಿರುತ್ತಾನೆ, ಬೆಲೆ ಏರುವುದು ಅಲ್ಲಿ.

ಒಲಿಂಪಿಕ್ಸ್ ಮಾದರಿಯ ಅಂತರರಾಷ್ಟ್ರೀಯ ಸ್ಪರ್ಧೆಗಳ ಕನಸಿರುವವರಿಗೆ ಪಾಯಿಂಟ್ 45 ಕೆಲಸಕ್ಕೇ ಬರುವುದಿಲ್ಲ. ಅಲ್ಲಿನ 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಯಲ್ಲಿ ಗುಂಡಿನ ದಪ್ಪ 7.62ರಿಂದ 9.65 ಮಿಲಿಮೀಟರಿನೊಳಗೆ ಇರಬೇಕು. ಪಾಯಿಂಟ್ 45 ಎಂದರೆ 11 ಮಿಲಿಮೀಟರ್ ಮೀರಿದ್ದು. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಜಸ್ಪಾಲ್ ರಾಣಾಗೆ ಚಿನ್ನಗಳಲ್ಲೊಂದು ಬಂದದ್ದು ಈ ಸೆಂಟರ್‌ಫೈರ್ ಸ್ಪರ್ಧೆಯಲ್ಲೇ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಪಾಯಿಂಟ್ 22ರ ರ‍್ಯಾಪಿಡ್ ಫೈರ್‌ನಲ್ಲಿ. ಕರ್ನಾಟಕದಲ್ಲಿ ಕಲಿಯುವವರಿಗೆ 10 ಮೀಟರ್ ಏರ್ ಪಿಸ್ತೂಲೇ ಸರಿಯಾದ ಬಾಗಿಲು. ಒದೆತ ಇಲ್ಲವೆನ್ನುವಷ್ಟು ಕಡಿಮೆ. 2016ರ ಆಯುಧ ನಿಯಮಗಳ ಪ್ರಕಾರ ಪಾಯಿಂಟ್ 177 ಅಳತೆಯ, 20 ಜೂಲ್ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸೂ ಬೇಡ.

ಅಮೆರಿಕದಲ್ಲಿರುವ ಕನ್ನಡಿಗರು ಒಂದು ವಿಷಯ ತಿಳಿದಿರಬೇಕು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಅಲ್ಲಿನ ಫೆಡರಲ್ ಕಾನೂನಿನಂತೆ ಬಂದೂಕು ಕೊಳ್ಳುವುದಾಗಲಿ ಇಟ್ಟುಕೊಳ್ಳುವುದಾಗಲಿ ಸಾಮಾನ್ಯವಾಗಿ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಂಥ ಕೆಲವರಿಗೆ ಮಾತ್ರ ವಿನಾಯಿತಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆಯಿಲ್ಲ. ಗೆಳೆಯರೊಂದಿಗೆ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿಯುವ ಮುಂಚೆಯೂ ಇದನ್ನು ವಕೀಲರಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಕಿವಿಯ ಮಾತೂ ಇದೆ. 140 ಡೆಸಿಬೆಲ್ ಮೀರಿದ ಸಿಡಿತ ಒಂದೇ ಸಲಕ್ಕೆ ಒಳಗಿವಿಯ ರೋಮಕೋಶಗಳನ್ನು ಶಾಶ್ವತವಾಗಿ ಹಾಳುಮಾಡಬಲ್ಲದು. ಪಾಯಿಂಟ್ 45ರ ಸದ್ದು 155 ದಾಟುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಹದಿನೈದರ ಏರಿಕೆ ಎಂದರೆ ಗಾಳಿಯ ಒತ್ತಡ ಐದು ಪಟ್ಟಿಗೂ ಹೆಚ್ಚು. ಒಳಾಂಗಣ ರೇಂಜಿನಲ್ಲಿ ಕಿವಿಗೆ ಬೆಣೆ ಹಾಕಿ, ಅದರ ಮೇಲೆ ಮಫ್ ಕೂಡ ತೊಡಬೇಕು. ತೋಟಾದ ಮದ್ದಿಗೆ ಕಿಡಿ ಕೊಡುವ ಪ್ರೈಮರಿನಲ್ಲಿ ಸೀಸದ ಸಂಯುಕ್ತವಿರುತ್ತದೆ, ಗುಂಡಿನಲ್ಲೂ ಸೀಸ. ಅದರ ಧೂಳು ಕೈಗೆ, ಬಟ್ಟೆಗೆ ಅಂಟುತ್ತದೆ. ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುವ ಮುನ್ನ ಕೈ ತೊಳೆದು ಬಟ್ಟೆ ಬದಲಿಸಲೇಬೇಕು.

ಪಿಸ್ತೂಲು ಕೊಂಡರೆ ಅದು ರೇಂಜಿನಲ್ಲಿರುವ ಹೊತ್ತಿಗಿಂತ ಮನೆಯಲ್ಲಿರುವ ಹೊತ್ತೇ ಹೆಚ್ಚು. ಮನೆಯಲ್ಲಿ ಬಂದೂಕಿದ್ದರೆ ಆ ಮನೆಯವರ ಆತ್ಮಹತ್ಯೆಯ ಅಪಾಯ ಹೆಚ್ಚುತ್ತದೆ ಎಂಬುದನ್ನು ಅಮೆರಿಕದ ಹಲವು ಅಧ್ಯಯನಗಳು ತೋರಿಸಿವೆ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ, ಯಾರಾದರೂ ಖಿನ್ನತೆಯಿಂದ ಬಳಲುತ್ತಿದ್ದರೆ, ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ; ಕ್ಲಬ್ಬಿನ ಪಿಸ್ತೂಲಿನಲ್ಲೇ ಆಟ ಮುಂದುವರಿಸಬಹುದು. ಕೊಂಡವರು ಪಿಸ್ತೂಲನ್ನು ಖಾಲಿಯಾಗಿ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ತೋಟಾಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಎರಡಕ್ಕೂ ಬೀಗ ಹಾಕಬೇಕು.

ಕೊನೆಗೆ, ಕೊಳ್ಳುವ ಮುಂಚೆ ಮಾಡಬೇಕಾದ ಒಂದು ಪರೀಕ್ಷೆ. ರೇಂಜಿನಲ್ಲಿ ಬಾಡಿಗೆಗೆ ಒಂದು 1911 ಪಡೆದು, ಮ್ಯಾಗಜೀನ್ ತುಂಬುವ ಕೆಲಸವನ್ನು ಅಲ್ಲಿನ ತರಬೇತುದಾರರಿಗೆ ಬಿಡಿ. ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಹುಸಿ ತೋಟಾಗಳನ್ನು ಅವರು ನಿಮಗೆ ತೋರಿಸದೆ ಬೆರೆಸಲಿ. ಹ್ಯಾಮರ್ ಬಿದ್ದೂ ಗುಂಡು ಹಾರದ ಆ ಗಳಿಗೆಯಲ್ಲಿ ಫ್ರಂಟ್ ಸೈಟ್ ಇದ್ದಲ್ಲೇ ಇದ್ದರೆ ನಿಮ್ಮ ಕೈ ಪಾಯಿಂಟ್ 45ಕ್ಕೆ ತಯಾರಾಗಿದೆ, ಗುರಿಸೈಟುಗಳಿರುವ ಒಳ್ಳೆಯ 1911 ಹುಡುಕಿ. ಪಿಸ್ತೂಲಿನ ಮೂತಿ ಗಕ್ಕನೆ ಕೆಳಕ್ಕೆ ಬಾಗಿದರೆ ಅವತ್ತಿಗೆ ಪಾಯಿಂಟ್ 22ರ ಎರಡು ಡಬ್ಬಿ ತೋಟಾ ಕೊಂಡು, ಕ್ಲಬ್ಬಿನ ಪಿಸ್ತೂಲಿನಲ್ಲಿ ಅಭ್ಯಾಸ ಶುರುಮಾಡಿ.